ಎತ್ತಿಡದ ಹಲಗೆ

ಹಾಸನದಲ್ಲಿ ಒಳ್ಳೆಯ ಕುಣಿತ ನೋಡಬೇಕಾದರೆ ಎಲ್ಲಿಗೆ ಹೋಗಬೇಕು ಎಂದು ಯಾರಾದರೂ ಕೇಳಿದರೆ, ಕುಣಿಯುವವರು ಯಾರು ಎಂದು ನಾನು ಕೇಳುವುದಿಲ್ಲ. ನೆಲ ಯಾವುದು ಎಂದು ಕೇಳುತ್ತೇನೆ. ಸಿಮೆಂಟೋ, ಕಲ್ಲೋ, ಹಲಗೆಯೋ. ಇದನ್ನು ನನಗೆ ಕಲಿಸಿದವಳು ನನ್ನ ತಂಗಿ. ಅವಳಿಗೆ ಕಣ್ಣು ಕಾಣುವುದಿಲ್ಲ.

ನಾನು ಏಳನೇ ಕ್ಲಾಸಿಗೆ ಓದು ನಿಲ್ಲಿಸಿದವನು. ಪತ್ರ ಬಿಟ್ಟರೆ ಬೇರೇನೂ ಬರೆದು ಗೊತ್ತಿಲ್ಲ. ಆದರೂ ಇದನ್ನು ಬರೆಯುತ್ತಿದ್ದೇನೆ. ತಂಗಿಗೆ ನಾನು ಒಂದು ಮೋಸ ಮಾಡಿದೆ, ಮಾಡಿದ ಮೇಲೆ ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಮೋಸಕ್ಕಿಂತ ಆ ಒಂಬತ್ತು ವರ್ಷವೇ ನನ್ನನ್ನು ಹೆಚ್ಚು ತಿನ್ನುತ್ತದೆ.

ನಮ್ಮದು ಸಾಲಗಾಮೆ ಕಡೆಯ ಊರು. ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಹತ್ತು ವರ್ಷದವರೆಗೂ ಅವಳ ಕಣ್ಣು ಚೆನ್ನಾಗಿತ್ತು. ಸ್ಕೂಲ್ ಡೇಗೆ ಹಸಿರು ಲಂಗ ಹಾಕಿಕೊಂಡು ಕೋಲಾಟ ಆಡಿದ್ದಳು. ಆಮೇಲೆ ಮಿದುಳು ಜ್ವರ ಬಂತು. ಹಾಸನದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದು ಜೀವ ಉಳಿಸಿಕೊಂಡು ಬಂದಳು. ಕಣ್ಣು ಮಾತ್ರ ಅಲ್ಲೇ ಬಿಟ್ಟು ಬಂದ ಹಾಗಾಯಿತು. ಮನೆಗೆ ಬಂದ ದಿನ ಅವ್ವ ದೀಪ ಹಚ್ಚಿದಾಗ, "ಕರೆಂಟು ಓಗೈತಾ?" ಎಂದು ಕೇಳಿದಳು. ಅವ್ವ ದೀಪವನ್ನು ಅವಳ ಮುಖದ ಹತ್ತಿರ ತಂದಳು.

ಆಗ ನಾನು ಹಾಸನದಲ್ಲಿ ಒಂದು ಶಾಮಿಯಾನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಶಾಮಿಯಾನ, ಕುರ್ಚಿ, ಮೈಕ್ ಸೆಟ್, ಸ್ಟೇಜು, ಎಲ್ಲ ನಮ್ಮ ಯಜಮಾನರೇ ಬಾಡಿಗೆಗೆ ಕೊಡುತ್ತಿದ್ದರು. ಸ್ಟೇಜು ಹಾಕುವುದು ನನ್ನ ಕೆಲಸ. ಖಾಲಿ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ತೊಲೆ ಇಟ್ಟು, ಅದರ ಮೇಲೆ ಹಲಗೆ ಹಾಸಿ ಹಗ್ಗದಲ್ಲಿ ಬಿಗಿಯುತ್ತಿದ್ದೆವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರಲ್ಲಿ ಆ ದಿನಗಳಲ್ಲಿ ನಡೆದ ಎಷ್ಟೋ ಕುಣಿತ ನಾನು ಹಾಸಿದ ಹಲಗೆಯ ಮೇಲೆ ನಡೆದದ್ದು. ಹಾಸನದಲ್ಲಿ ಎರಡು ರೂಮಿನ ಬಾಡಿಗೆ ಮನೆ ಮಾಡಿದಾಗ ತಂಗಿಯನ್ನು ಕರೆದುಕೊಂಡು ಬಂದೆ. ಊರಲ್ಲಿ ಅವ್ವ ಹೊಲಕ್ಕೆ ಹೋದರೆ ಇವಳು ಒಬ್ಬಳೇ ಆಗುತ್ತಿದ್ದಳು. ಇಲ್ಲಿ ವಠಾರದ ಹೆಂಗಸರ ಜೊತೆ ಹೂ ಕಟ್ಟುವುದು ಕಲಿತಳು.

ಒಂದು ದಿನ ಮನೆಯಲ್ಲಿ ಒಬ್ಬಳೇ ಇರಲು ಬೇಜಾರು ಎಂದು ಹಟ ಮಾಡಿದಳು. ಹಾಸನದಲ್ಲೇ ಒಂದು ಸ್ಕೂಲಿನ ವಾರ್ಷಿಕೋತ್ಸವ ಇತ್ತು. ಕರೆದುಕೊಂಡು ಹೋಗಿ ಸ್ಟೇಜಿನ ಪಕ್ಕ, ಮೈಕ್ ಸೆಟ್ ಇಟ್ಟ ಕಡೆ, ಒಂದು ಕುರ್ಚಿ ಹಾಕಿ ಕೂರಿಸಿದೆ. ಹುಡುಗಿಯರು ಕುಣಿಯಲು ಶುರು ಮಾಡಿದಾಗ ಅವಳು ಕೈ ಚಾಚಿ ಹಲಗೆಯ ಅಂಚನ್ನು ಹಿಡಿದುಕೊಂಡಳು. ಹಿಡಿದ ಕೈ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎರಡೂ ಅಂಗೈ ಚಪ್ಪಟೆಯಾಗಿ ಹಲಗೆಯ ಮೇಲೆ ಊರಿದಳು.

"ಅಣ್ಣ, ಎಂಟು ಜನ ಅವ್ರೆ."

ಎಣಿಸಿದೆ. ಎಂಟೇ ಜನ.

"ಅದ್ರಲ್ಲಿ ಒಬ್ಳು ಯಾವಾಗ್ಲೂ ತಡ."

ಅದೂ ನಿಜ. ಕೊನೆಯಲ್ಲಿದ್ದ ದಪ್ಪ ಹುಡುಗಿ ಪಕ್ಕದವಳನ್ನು ನೋಡಿಕೊಂಡು ಕುಣಿಯುತ್ತಿದ್ದಳು.

"ಕಾಲು ನಂಗೆ ಗೊತ್ತಾಯ್ತದೆ ಕಣಣ್ಣ. ಕೈ ನೀನು ಹೇಳು," ಎಂದಳು ತಂಗಿ.

ಅವತ್ತಿನಿಂದ ಅದೇ ನಮ್ಮ ಕರಾರು. ಕಾಲು ಅವಳದು, ಕೈ ನನ್ನದು. ನಾನು ಅವಳ ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದೆ. ಬಲಗೈ ತಲೆ ಮೇಲೆ, ಎಡಗೈ ಸೊಂಟಕ್ಕೆ, ಬೆರಳು ಹೂವಿನ ಹಾಗೆ, ಈಗ ಮುಖ ಈ ಕಡೆ, ಸೀರೆ ಕೆಂಪು, ಅಂಚು ಹಳದಿ. ಅವಳು ಕಾಲನ್ನು ಕೆಳಗಿಂದ, ಕೈಯನ್ನು ನನ್ನಿಂದ ತೆಗೆದುಕೊಂಡು ಒಳಗೆ ಎಲ್ಲೋ ಇಡೀ ಮನುಷ್ಯರನ್ನು ಜೋಡಿಸಿಕೊಳ್ಳುತ್ತಿದ್ದಳು. ಮನೆಗೆ ಬಂದ ಮೇಲೆ ಅಡುಗೆ ಮನೆಯಲ್ಲಿ ನಿಂತು ಅದನ್ನೇ ಮಾಡಿ ತೋರಿಸುತ್ತಿದ್ದಳು. ನೋಡಿದವರು ಕಣ್ಣಿಲ್ಲದವಳು ಎನ್ನುವ ಹಾಗಿರಲಿಲ್ಲ.

ಹೀಗೆ ನಾಲ್ಕೂ ಊರಿನ ನೆಲಗಳು ಅವಳಿಗೆ ಪಾಠವಾದವು. ಹಾಸನದ ದೊಡ್ಡ ಸಭಾಂಗಣದ ಸಿಮೆಂಟು ಸ್ಟೇಜನ್ನು ಅವಳು ಸತ್ತ ನೆಲ ಎನ್ನುತ್ತಿದ್ದಳು. "ದುಡ್ಡಿರೋರು ಅಲ್ಲಿ ಕೂತ್ಕತಾರೆ, ನಂಗೇನೂ ಸಿಕ್ಕಲ್ಲ." ನವರಾತ್ರಿಗೆ ದೇವಸ್ಥಾನದ ಕಲ್ಲು ಮಂಟಪದಲ್ಲಿ ಭರತನಾಟ್ಯ ಇದ್ದರೆ ಅಲ್ಲಿ ಗೆಜ್ಜೆ ಮಾತ್ರ ಕೇಳಿಸುತ್ತದೆ, ಹೆಜ್ಜೆ ಬರುವುದಿಲ್ಲ. ಗಣಪತಿ ಪೆಂಡಾಲಿನ ಹಲಗೆ ಸ್ಟೇಜು ಚೆನ್ನ, ಆದರೆ ಸಿನಿಮಾ ಹಾಡಿಗೆ ಕುಣಿಯುವ ಹುಡುಗರು ಬೂಟು ಹಾಕಿರುತ್ತಾರೆ. "ಬೂಟಿಗೆ ಮುಖ ಇಲ್ಲ," ಎಂದು ನಗುತ್ತಿದ್ದಳು. ಅರಕಲಗೂಡಿನಲ್ಲಿ ಒಂದು ಸ್ಕೂಲಿನ ಹಳೇ ಮರದ ಸ್ಟೇಜು ಇತ್ತು. ಹತ್ತಿರದ ಗೋದಾಮಿನಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಅಲ್ಲಿ ಕೂತರೆ ಹೆಜ್ಜೆ ಮೊಣಕೈವರೆಗೂ ಬರುತ್ತದೆ ಎಂದು ತೋಳು ಮುಟ್ಟಿ ತೋರಿಸಿದ್ದಳು. ಎಲ್ಲಕ್ಕಿಂತ ಇಷ್ಟವಾಗಿದ್ದು ಚನ್ನರಾಯಪಟ್ಟಣದ ಮೈದಾನದಲ್ಲಿ ರಾಜ್ಯೋತ್ಸವಕ್ಕೆ ಹಾಕಿದ ನಮ್ಮದೇ ಸ್ಟೇಜು. ನಲವತ್ತು ಹುಡುಗಿಯರು ಒಟ್ಟಿಗೆ ಕೋಲಾಟ ಹೊಡೆದರು. ತಂಗಿ ಅಂಗೈ ಊರಿಕೊಂಡು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು.

ಮೊದಲ ಎರಡು ವರ್ಷ ನಾನು ಪ್ರಾಮಾಣಿಕವಾಗಿಯೇ ಹೇಳಿದೆ. ಆಮೇಲೆ ಬೇಸರ ಬಂತು. ಸ್ಟೇಜು ಹೊತ್ತು, ಕುರ್ಚಿ ಹಾಕಿ, ತಂತಿ ಎಳೆದು ಸುಸ್ತಾದವನು ಒಂದೊಂದು ಬೆರಳನ್ನೂ ನೋಡಿ ಹೇಳುವುದು ಸುಲಭವಲ್ಲ. ನಾನು ಜೊತೆಯವರ ಕಡೆ ನೋಡಿಕೊಂಡು, ಬಾಯಿಗೆ ಬಂದದ್ದು ಹೇಳತೊಡಗಿದೆ. ಈಗ ನವಿಲು. ಈಗ ಹೂ ಕೀಳ್ತಾವ್ಳೆ. ಈಗ ಬಾಣ ಬಿಟ್ಟಳು. ಒಮ್ಮೆ ಅರಕಲಗೂಡಿನಲ್ಲಿ ನಾನು ನವಿಲು ಎಂದೆ. ತಿರುಗಿ ನೋಡಿದರೆ ಕುಣಿಯುವವಳು ನೆಲಕ್ಕೆ ಕೂತು ಅಳುವ ಅಭಿನಯ ಮಾಡುತ್ತಿದ್ದಳು. ತಂಗಿಯ ಅಂಗೈ ಕೆಳಗೆ ಆಗ ಹೆಜ್ಜೆಯೇ ಇದ್ದಿರಲಾರದು. ಅವಳು ನನ್ನ ಕಡೆ ಮುಖ ತಿರುಗಿಸಿದಳು. 

ಇನ್ನು ನಮ್ಮ ಅಂಗಡಿಯ ಒಂದು ಪದ್ಧತಿ ಹೇಳಬೇಕು. ಕುಣಿತಕ್ಕೆ ಅಂತ ಸ್ಟೇಜು ಹಾಸಿದರೆ ಮೂಲೆಮೂಲೆಗೆ ಅರಿಶಿನದ ನೀರು ಚಿಮುಕಿಸಿ, ಮಧ್ಯದಲ್ಲಿ ಕರ್ಪೂರ ಹಚ್ಚಿ, ಒಂದು ಕಾಯಿ ಒಡೆಯುತ್ತಿದ್ದೆವು. ಪೂಜೆ ಆದ ಮೇಲೆ ಯಾವ ಕಾರಣಕ್ಕಾದರೂ ಕಾರ್ಯಕ್ರಮ ನಿಂತರೆ ತಕ್ಷಣ ಒಂದು ಹಲಗೆಯನ್ನು ಎತ್ತಿ ಮಗ್ಗುಲಾಗಿ ನಿಲ್ಲಿಸಬೇಕು. ಉಳಿದದ್ದನ್ನು ಆಮೇಲೆ ಬಿಚ್ಚಿದರೂ ನಡೆಯುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾಕೆ ಎಂದು ನಾನು ಕೇಳಿದ್ದೆ.

"ಕಾಯಿ ಒಡೆದ್ವಿ ಅಂದ್ರೆ ಬನ್ನಿ ಅಂತ ಕರೆದಂಗೆ ಕಣ್ಲಾ," ಎಂದಿದ್ದರು ಯಜಮಾನರು. "ಕುಣಿಯೋರು ಬರ್ನಿಲ್ಲ ಅಂದ್ರೆ ಜಾಗ ಖಾಲಿ ಐತೆ ಅಂತ ಇನ್ಯಾರೋ ಬತ್ತಾರೆ. ಒಂದು ಹಲಗೆ ಎತ್ತುಬುಟ್ರೆ ಕಾಲಿಡಕ್ಕೆ ಆಗಕಿಲ್ಲ."

"ಯಾರು ಸಾ ಬರೋದು?"

"ನಾನು ಯಾವತ್ತೂ ಎತ್ತದೆ ಬುಟ್ಟಿಲ್ಲ. ನಂಗೆಂಗ್ಲಾ ಗೊತ್ತಾಯ್ತದೆ."

ನಮ್ಮ ಜೊತೆಯವರೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದರು. ನಗುತ್ತಲೇ ಹಲಗೆ ಎತ್ತುತ್ತಿದ್ದರು.

ಹೊಳೆನರಸೀಪುರದ ಆ ಭಾನುವಾರಕ್ಕೆ ಬರುತ್ತೇನೆ. ಹೊಳೆಗೆ ಹೋಗುವ ದಾರಿಯಲ್ಲಿ ಒಂದು ಹಳೇ ಛತ್ರ. ಅಲ್ಲಿ ಒಬ್ಬ ನಾಟ್ಯದ ಮೇಷ್ಟ್ರು ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತಿದ್ದರು. ವರ್ಷಕ್ಕೊಮ್ಮೆ ಮಕ್ಕಳ ಕಾರ್ಯಕ್ರಮ. ಶನಿವಾರವೇ ಹೋಗಿ ಸ್ಟೇಜು ಹಾಸಿ, ಪೂಜೆ ಮಾಡಿ, ಮೈಕ್ ಸೆಟ್ ಇಟ್ಟು ಹಾಸನಕ್ಕೆ ಬಂದಿದ್ದೆ. ಭಾನುವಾರ ಮೂರು ಗಂಟೆಗೆ ಕಾರ್ಯಕ್ರಮ. ಎರಡು ತಿಂಗಳಿಂದ ತಂಗಿ ಎಲ್ಲಿಗೂ ಹೋಗಿರಲಿಲ್ಲ. ಬೆಳಿಗ್ಗೆ ತಲೆಗೆ ಎರೆದುಕೊಂಡು, ತಾನೇ ಕಟ್ಟಿದ ಮಲ್ಲಿಗೆ ಮುಡಿದು, ಹಸಿರು ಸೀರೆ ಉಟ್ಟು ತಯಾರಾಗಿದ್ದಳು. ಬಸ್ಸಿನಲ್ಲಿ ಉದ್ದಕ್ಕೂ, ಎಷ್ಟು ಮಕ್ಕಳು, ಎಷ್ಟು ವಯಸ್ಸು, ಹೊಸ ಹಲಗೆಯೋ ಹಳೇದೋ ಎಂದು ಕೇಳುತ್ತಲೇ ಬಂದಳು.

ಛತ್ರದ ಮುಂದೆ ಯಾರೂ ಇರಲಿಲ್ಲ. ಅವಳನ್ನು ಜಗಲಿಯ ಮೇಲೆ ಕೂರಿಸಿ ಒಳಗೆ ಹೋದೆ. ಛತ್ರ ಕಾಯುವವನು ಅಂಗಿ ಹಾಕಿಕೊಂಡು ಊಟಕ್ಕೆ ಹೊರಟಿದ್ದ.

"ಮೇಷ್ಟ್ರ ದೊಡ್ಡಪ್ಪ ಹೋಗ್ಬುಟ್ರಂತೆ, ಸೂತಕ. ಪ್ರೋಗ್ರಾಂ ಇಲ್ಲ," ಎಂದ. "ನಿಮ್ಮ ಸಾವ್ಕಾರ್ರು ಆರು ಗಂಟೆಗೆ ಲಾರಿ ತತ್ತಾರಂತೆ. ಸಾಮಾನು ನಿಂದೇ ತಾನೆ, ನೋಡ್ಕಂಡಿರು."

ಅವನು ಹಿಂದಿನ ಬಾಗಿಲಿಂದ ಹೋದ. ನಾನು ಖಾಲಿ ಹಜಾರದಲ್ಲಿ ನಿಂತೆ. ಮೊದಲು ಮಾಡಬೇಕಾಗಿದ್ದು ಹಲಗೆ ಎತ್ತುವುದು. ಎರಡನೆಯದು, ಹೊರಗೆ ಹೋಗಿ ತಂಗಿಗೆ ಹೇಳುವುದು. ನಾನು ಎರಡೂ ಮಾಡಲಿಲ್ಲ. ಹೇಗಿದ್ದರೂ ಆರು ಗಂಟೆಯವರೆಗೆ ಅಲ್ಲೇ ಕಾಯಬೇಕು. ಹೇಳಿದರೆ ಅವಳ ಮುಖ ಸಣ್ಣದಾಗುತ್ತದೆ, ಮೂರು ಗಂಟೆ ಹೊತ್ತು ಆ ಮುಖ ನೋಡಿಕೊಂಡು ಕೂರಬೇಕು. ಇಷ್ಟೇ ನನಗೆ ಹೊಳೆದದ್ದು. ಇನ್ನೂ ಒಂದಿತ್ತು, ಮುಚ್ಚಿಟ್ಟು ಪ್ರಯೋಜನವಿಲ್ಲ. ಅವತ್ತು ಕ್ರಿಕೆಟ್ ಮ್ಯಾಚಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಟಿವಿ ಹಾಕಿದ್ದನ್ನು ಬರುವಾಗಲೇ ನೋಡಿದ್ದೆ.

ಅವಳ ಕೈ ಹಿಡಿದು ಒಳಗೆ ಕರೆತಂದೆ.

"ಜನ ಇಲ್ವಾ ಅಣ್ಣ?"

"ಈಗ ಬರೀ ಪ್ರಾಕ್ಟೀಸು ಕಣೇ. ಯಾರ್ನೂ ಬುಟ್ಟಿಲ್ಲ. ಮೇಷ್ಟ್ರಿಗೆ ಹೇಳಿ ನಿನ್ನೊಬ್ಬಳ್ನೆ ಕೂರಿಸ್ತಾ ಇವ್ನಿ."

ಅವಳಿಗೆ ಎಷ್ಟು ಸಂತೋಷವಾಯಿತು ಎಂದರೆ, ಸೆರಗು ಸರಿಮಾಡಿಕೊಂಡು ಸ್ಟೇಜಿನ ಕಡೆ ಕೈ ಮುಗಿದಳು. ಖಾಲಿ ಹಲಗೆಗಳಿಗೆ ಕೈ ಮುಗಿದದ್ದನ್ನು ನಾನು ನೋಡುತ್ತಾ ನಿಂತಿದ್ದೆ.

ಮೇಷ್ಟ್ರು ಶನಿವಾರವೇ ಹಾಡಿನ ಕ್ಯಾಸೆಟ್ಟುಗಳನ್ನು ಮೈಕ್ ಸೆಟ್ ಹತ್ತಿರ ಇಟ್ಟು ಹೋಗಿದ್ದರು. ಒಂದನ್ನು ಹಾಕಿದೆ. ಮೃದಂಗ, ವೀಣೆ, ಒಬ್ಬ ಹೆಂಗಸಿನ ದನಿ. ತಂಗಿ ಎರಡೂ ಅಂಗೈ ಹಲಗೆಯ ಮೇಲೆ ಊರಿದಳು. ಆಗ ನನಗೆ ನೆನಪಾಯಿತು, ಕಾಲು ಬೇಕಲ್ಲ ಎಂದು. ನಾನು ಆ ಹಲಗೆಯ ಇನ್ನೊಂದು ತುದಿಗೆ ಹೋಗಿ ಕೂತು, ಮೃದಂಗಕ್ಕೆ ಸರಿಯಾಗಿ ಬೆರಳ ಗೆಣ್ಣಿನಿಂದ ಕುಟ್ಟಿದೆ. ತಕ ದಿಮಿ, ತಕ ದಿಮಿ.

"ಸಣ್ಣ ಹುಡುಗಿಯಾ?" ಎಂದಳು.

"ಊಂ. ಹತ್ತು ವರ್ಷ ಇರ್ಬೋದು."

"ಕೈ ಹೇಳು."

ಹೇಳಿದೆ. ಕುಟ್ಟುತ್ತಾ ಹೇಳಿದೆ. ಬಲಗೈ ಹೀಗೆ, ಎಡಗೈ ಹಾಗೆ, ಗುಲಾಬಿ ಬಣ್ಣದ ಸೀರೆ. ಎಷ್ಟು ಸಲೀಸಾಗಿ ಬಂತು ಎಂದು ನನಗೇ ಆಶ್ಚರ್ಯ. ಎರಡು ಹಾಡು ಹೀಗೆ ಕಳೆದೆ. ಗೆಣ್ಣು ನೋಯತೊಡಗಿತು. ಆಂಪ್ಲಿಫಯರ್ ಬಿಸಿಯಾಗಿದೆ, ನೋಡಿ ಬರುತ್ತೇನೆ, ನೀನು ಇಲ್ಲೇ ಕೂತಿರು ಎಂದು ಹೇಳಿ ಎದ್ದೆ. ಅವಳು ತಲೆ ಆಡಿಸಿದಳು. ನಾನು ಬಾಗಿಲು ಎಳೆದುಕೊಂಡು, ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಟೀ ಹೇಳಿ ಟಿವಿ ಮುಂದೆ ನಿಂತೆ.

ಹತ್ತು ನಿಮಿಷ ಎಂದುಕೊಂಡು ಹೋದವನು ಒಂದೂವರೆ ಗಂಟೆ ನಿಂತೆ. ಕ್ಯಾಸೆಟ್ಟಿನ ಒಂದು ಕಡೆ ಅರ್ಧ ಗಂಟೆಗೆ ಮುಗಿಯುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಂತೆ.

ವಾಪಸು ಬಂದಾಗ ಛತ್ರದೊಳಗೆ ಒಂದು ಶಬ್ದವೂ ಇರಲಿಲ್ಲ. ಕ್ಯಾಸೆಟ್ಟು ಮುಗಿದು ಗುಂಡಿ ಮೇಲೆದ್ದಿತ್ತು. ಪಡುವಣ ಕಿಟಕಿಯಿಂದ ಬಿಸಿಲು ಹಜಾರದ ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು, ಸ್ಟೇಜಿನ ಮೇಲೆ ಬಿದ್ದಿರಲಿಲ್ಲ. ತಂಗಿ ನಾನು ಕೂರಿಸಿದ ಕಡೆಯೇ ಕೂತಿದ್ದಳು. ಅಂಗೈ ಹಲಗೆಯ ಮೇಲಿತ್ತು. ತಲೆ ಸ್ವಲ್ಪ ಬಗ್ಗಿತ್ತು. ಅವಳ ಕಾಲ ಹೆಬ್ಬೆರಳು ನೆಲದ ಮೇಲೆ ನಿಧಾನವಾಗಿ ತಾಳ ಹಾಕುತ್ತಿತ್ತು. ಎದುರು ಅವಳ ತಲೆಯಿಂದ ಬಿದ್ದ ಮಲ್ಲಿಗೆಯ ತುಂಡೊಂದು ಹಲಗೆಯ ಮೇಲೆ ಬಿದ್ದಿತ್ತು, ಆ ಹೂಗಳು ಒಂದಕ್ಕೊಂದು ತಾಗಿ ನಡುಗುತ್ತಿದ್ದವು.

"ಲೇ," ಎಂದೆ.

ಅವಳು ತುಟಿಗೆ ಬೆರಳಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು. "ಇನ್ನೂ ಕುಣೀತಾವ್ಳೆ. ಕೈ ಹೇಳು."

ನಾನು ಸ್ಟೇಜು ನೋಡಿದೆ. ಹಲಗೆಗಳಿದ್ದವು, ಶನಿವಾರ ಒಡೆದ ಕಾಯಿಯ ನೀರಿನ ಕಲೆ ಇತ್ತು. ನನ್ನ ಕೈಯನ್ನು ಅವಳ ಕೈ ಪಕ್ಕ ಊರಿದೆ. ಏನೂ ಇರುವುದಿಲ್ಲ ಎಂದುಕೊಂಡೇ ಊರಿದೆ.

ಎರಡು ಹೆಜ್ಜೆ. ಒಂದು ತಡೆ. ಇನ್ನೊಂದು ಹೆಜ್ಜೆ. ಮತ್ತೆ ಎರಡು. ಎಡಗಾಲು ಬಲಗಾಲಿಗಿಂತ ಹಗುರ. ಒಮ್ಮೆ ದೂರ ಹೋಗುತ್ತಿತ್ತು, ಒಮ್ಮೆ ನಮ್ಮ ಅಂಗೈ ಹತ್ತಿರವೇ ಬಂದು ನಿಲ್ಲುತ್ತಿತ್ತು. ನಿಂತಾಗ ಆ ಹಲಗೆ ಸ್ವಲ್ಪವೇ ತಗ್ಗುತ್ತಿತ್ತು, ಅದರ ಮೇಲೆ ಯಾರೋ ಭಾರ ಬಿಟ್ಟ ಹಾಗೆ. ಇಲ್ಲಿಯವರೆಗೆ ಇಪ್ಪತ್ತು ವರ್ಷಕ್ಕೂ ಮೇಲೆ ಸ್ಟೇಜು ಹಾಕಿದವನು ನಾನು. ಹಗ್ಗ ಸಡಿಲವಾಗಿ ಹಲಗೆ ಆಡುವುದು ಬೇರೆ, ಇದು ಬೇರೆ. ರೈಲು ಹೋಗುತ್ತಿರಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ಹೇಳಿಕೊಂಡ ಮೇಲೆ ನೆನಪಾಯಿತು, ಹಳಿ ಅಗಲ ಮಾಡುವ ಕೆಲಸಕ್ಕೆ ಆ ಲೈನಿನಲ್ಲಿ ಆಗ ರೈಲೇ ಓಡುತ್ತಿರಲಿಲ್ಲ.

"ಕೈ ಹೇಳಣ್ಣ."

ಆಗಲಾದರೂ ನಿಜ ಹೇಳಬಹುದಿತ್ತು.  ಅಭ್ಯಾಸದ ಬಲಕ್ಕೆ, "ಬಲಗೈ ತಲೆ ಮೇಲೆ, ಎಡಗೈ ಸೊಂಟಕ್ಕೆ," ಎಂದೆ.

ಹೆಜ್ಜೆ ನಿಂತಿತು.

ನಾವಿಬ್ಬರೂ ಅಂಗೈ ತೆಗೆಯದೆ ಕೂತೆವು. ಮತ್ತೆ ಬರಲಿಲ್ಲ. ತಂಗಿ ನನ್ನ ಕೈಯನ್ನು ತನ್ನ ಕೈಯಿಂದ ನಿಧಾನಕ್ಕೆ ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು.

"ನೀನು ಹೇಳ್ಬ್ಯಾಡ ಬುಡು," ಎಂದಳು.

ಆರು ಗಂಟೆಗೆ ಲಾರಿ ಬಂತು. ತಂಗಿಯನ್ನು ಲಾರಿಯ ಮುಂದೆ ಡ್ರೈವರ್ ಪಕ್ಕ ಕೂರಿಸಿ ಬಂದಾಗ ಯಜಮಾನರು ಸ್ಟೇಜಿನ ಮುಂದೆ ನಿಂತಿದ್ದರು. ಎಲ್ಲ ಹಲಗೆಯೂ ಹಾಸಿದ ಹಾಗೇ ಇತ್ತು. ನನ್ನನ್ನು ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ.

"ಎಷ್ಟು ಹೊತ್ತಿಂದ ಹಿಂಗೈತೆ?"

"ಮಧ್ಯಾಹ್ನದಿಂದ ಸಾ."

"ಆ ಮಗ ಇಲ್ಲೇ ಕೂತಿತ್ತಾ?"

ಊಂ ಎಂದೆ. ಅವರು ಚಪ್ಪಲಿ ಬಿಟ್ಟು, ಸ್ಟೇಜಿನ ಅಂಚಿಗೆ ಒಂದು ಕ್ಷಣ ಹಣೆ ಮುಟ್ಟಿಸಿ, ತಾವೇ ಮೊದಲ ಹಲಗೆ ಎತ್ತಿದರು.

ಆಮೇಲೆ ತಂಗಿ ಕುಣಿತಕ್ಕೆ ಬರುವುದನ್ನು ಬಿಟ್ಟಳು. ನಾನು ಕರೆಯುತ್ತಿದ್ದೆ. ಚನ್ನರಾಯಪಟ್ಟಣದಲ್ಲಿ ಕೋಲಾಟ ಇದೆ, ಹೋಗೋಣವಾ? ಹಾಸನದಲ್ಲಿ ಮೈಸೂರಿನವರು ಬರುತ್ತಾರೆ, ನಮ್ಮದೇ ಸ್ಟೇಜು. ಅವಳು ಹೂ ಕಟ್ಟುತ್ತಾ, "ಬ್ಯಾಡಣ್ಣ, ಇನ್ನೊಂದ್ಸಲ," ಎನ್ನುತ್ತಿದ್ದಳು. ಸಿಟ್ಟಿನ ದನಿ ಅಲ್ಲ. ಅಡುಗೆ ಮನೆಯಲ್ಲಿ ನಿಂತು ಮಾಡಿ ತೋರಿಸುವುದೂ ನಿಂತಿತು. ಆದರೆ ಮೂರು ನಾಲ್ಕು ತಿಂಗಳಿಗೊಮ್ಮೆ, ಯಾವುದೋ ಬೇರೆ ಮಾತಿನ ನಡುವೆ, ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಆವತ್ತು ಹೊಳೆನರಸೀಪುರದಲ್ಲಿ ಕುಣಿದೋಳು ಯಾರಣ್ಣ?"

ಮೊದಲ ಸಲ, ಮೇಷ್ಟ್ರ ಶಿಷ್ಯೆ ಎಂದೆ. ಮುಂದಿನ ಸಲ, ಅವರ ಅಕ್ಕನ ಮಗಳು ಎಂದೆ. ಆಮೇಲೆ ಆ ಹುಡುಗಿ ಬೆಳೆದಳು, ಮೈಸೂರಿಗೆ ಓದಲು ಹೋದಳು. ಕುಣಿತ ಬಿಟ್ಟಳಂತೆ ಎಂದೆ. ಒಮ್ಮೆ ಮದುವೆಯಾಯಿತಂತೆ ಎಂದೂ ಹೇಳಿಬಿಟ್ಟೆ. ಇಲ್ಲದ ಒಬ್ಬ ಹುಡುಗಿಗೆ ನಾನು ಒಂಬತ್ತು ವರ್ಷ ವಯಸ್ಸು ಕೊಡುತ್ತಾ ಬಂದೆ. ತಂಗಿ ಪ್ರತಿ ಸಲವೂ ಕೇಳಿಸಿಕೊಂಡು, "ಔದಾ," ಎಂದು ಮುಂದಿನ ಮೊಗ್ಗು ತೆಗೆದುಕೊಳ್ಳುತ್ತಿದ್ದಳು. ಒಮ್ಮೊಮ್ಮೆ ಅವಳು ಕೇಳುವ ಮುಂಚೆಯೇ ನನಗೆ ಗೊತ್ತಾಗುತ್ತಿತ್ತು. ಅವಳ ಕೈ ದಾರದ ಮೇಲೆ ನಿಲ್ಲುತ್ತಿತ್ತು. ಆಗ ನನ್ನ ಅಂಗೈಯಲ್ಲಿ ಆ ಎರಡು ಹೆಜ್ಜೆ, ಒಂದು ತಡೆ, ಇನ್ನೊಂದು ಹೆಜ್ಜೆ ಬಂದು ಹೋದ ಹಾಗಾಗುತ್ತಿತ್ತು. ಸ್ಟೇಜು ಹಾಸುವಾಗಲೂ ಅಷ್ಟೆ. ಕೊನೆಯ ಹಲಗೆ ಬಿಗಿದು ಕೈ ಊರಿ ಏಳುವಾಗ, ಎಲ್ಲಿ ಕೆಳಗಿಂದ ಏನಾದರೂ ಬರುತ್ತದೋ ಎಂದು ಒಂದು ಗಳಿಗೆ ಉಸಿರು ಹಿಡಿಯುತ್ತಿದ್ದೆ. ಕಾರ್ಯಕ್ರಮ ನಿಂತರೆ ಎಲ್ಲರಿಗಿಂತ ಮೊದಲು ಓಡಿ ಹಲಗೆ ಎತ್ತುವವನು ನಾನೇ ಆದೆ. ಜೊತೆಯವರು, "ಸಾವ್ಕಾರ್ರ ಅಳಿಯ ಆಗಕ್ಕೆ ನೋಡ್ತಾ ಅವ್ನೆ," ಎಂದು ಛೇಡಿಸುತ್ತಿದ್ದರು.

ಎರಡು ಸಾವಿರದ ಮೇಲೆ ನಮ್ಮ ಅಂಗಡಿಗೂ ಕಬ್ಬಿಣದ ಫ್ರೇಮು, ಪ್ಲೈವುಡ್ ಬಂತು. ಹಳೇ ಹಲಗೆಗಳನ್ನು ತಾರಸಿ ಹಾಕುವ ಸೆಂಟ್ರಿಂಗ್ ಕೆಲಸದವರಿಗೆ ಕೊಟ್ಟುಬಿಡುವುದು ಎಂದಾಯಿತು. ಲೋಡ್ ಮಾಡುವಾಗ ಒಂದು ಹಲಗೆಯನ್ನು ನಾನು ಪಕ್ಕಕ್ಕಿಟ್ಟೆ. ಹೊಳೆನರಸೀಪುರದಲ್ಲಿ ನಾವು ಅಂಗೈ ಊರಿದ ಅದೇ ಹಲಗೆ ಎಂದು ಆಣೆ ಮಾಡಿ ಹೇಳಲಾರೆ. ತುದಿಯಲ್ಲಿ ಹಗ್ಗ ಉಜ್ಜಿದ ಗುರುತು ನೋಡಿ ಅದೇ ಇರಬೇಕು ಅನ್ನಿಸಿತು. ತಂಗಿಗೆ ಹೂ ಕಟ್ಟಲು ಕೂರುವುದಕ್ಕೆ ಆಗುತ್ತದೆ ಎಂದು ಯಜಮಾನರಿಗೆ ಹೇಳಿದೆ. ಅವರು ನನ್ನ ಮುಖ ನೋಡಿದರು, ಬೇಡ ಎನ್ನಲಿಲ್ಲ.

ಮನೆಯ ಹಿಂದಿನ ಅಂಗಳದಲ್ಲಿ ಎರಡು ಕಲ್ಲಿನ ಮೇಲೆ ಅದನ್ನು ಇಟ್ಟೆ. ತಂಗಿ ಬಂದು ಕೂರುವ ಮೊದಲು ಕೈಯಿಂದ ಉದ್ದಕ್ಕೂ ಸವರಿದಳು. ಹಗ್ಗದ ಗುರುತಿನ ಹತ್ತಿರ ಕೈ ನಿಂತಿತು. ಅಂಗೈ ಊರಿದಳು. ಎಷ್ಟೋ ಹೊತ್ತು ಹಾಗೇ ಇದ್ದಳು. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುವ ಶಬ್ದ ಬರುತ್ತಿತ್ತು.

"ಆವತ್ತು ಕುಣಿದೋಳು ಯಾರಣ್ಣ?"

ನನ್ನ ಬಾಯಿಗೆ ಮತ್ತೊಂದು ಸುಳ್ಳು ಬಂತು. ಆ ಹುಡುಗಿಗೆ ಮಗು ಆಗಿದೆ ಎಂದು ಹೇಳುವವನಿದ್ದೆ. ಅದು ನಾಲಿಗೆಯ ಮೇಲೆ ಇರುವಾಗಲೇ ನನಗೆ ಹೇಸಿಗೆಯಾಯಿತು.

"ಯಾರೂ ಇರ್ನಿಲ್ಲ ಕಣೇ," ಎಂದೆ. "ಮೇಷ್ಟ್ರಿಗೆ ಸೂತಕ ಆಗಿ ಪ್ರೋಗ್ರಾಮೇ ನಿಂತೋಗಿತ್ತು. ಕ್ಯಾಸೆಟ್ ಹಾಕಿ, ನಾನೇ ಬೆರಳಲ್ಲಿ ಕುಟ್ದೆ. ನಿನ್ನ ಒಬ್ಬಳ್ನೇ ಬುಟ್ಟು ಮ್ಯಾಚ್ ನೋಡಕ್ಕೆ ಹೋಗಿದ್ದೆ."

 ಅವಳು ಮಡಿಲಲ್ಲಿದ್ದ ದಾರವನ್ನು ಬಿಡಿಸಿಕೊಂಡು ಹೂವಿಗೆ ಗಂಟು ಹಾಕಿದಳು.

"ಗೆಜ್ಜೆ ಇರ್ನಿಲ್ವಲ್ಲ ಅಣ್ಣ," ಎಂದಳು.

 ಒಂಬತ್ತು ವರ್ಷದಲ್ಲಿ ಒಂದು ಸಲವೂ ನನಗೆ ಅದು ಹೊಳೆದಿರಲಿಲ್ಲ. ಭರತನಾಟ್ಯ ಎಂದು ಹೇಳಿ, ಗೆಜ್ಜೆಯಿಲ್ಲದ ಕಾಲನ್ನು ನಾನು ಅವಳಿಗೆ ಕೊಟ್ಟಿದ್ದೆ.

"ಅವಾಗ್ಲೇ ಗೊತ್ತಾಗಿತ್ತಾ?"

"ನೀನು ಕುಟ್ಟಿದ್ದು ಗೊತ್ತಾಗಿತ್ತು. ನೀನು ಬಾಗ್ಲು ಎಳ್ಕಂಡು ಓಗಿದ್ದೂ ಗೊತ್ತಾಗಿತ್ತು. ಬಂದ್ಮ್ಯಾಲೆ ಹೇಳ್ತಾನೆ, ಬಯ್ಯನ ಅಂತ ಕೂತಿದ್ದೆ." ಒಂದು ಗಂಟು ಹಾಕಿದಳು. "ಹಾಡು ನಿಂತ್ಮ್ಯಾಲೆ ತಾನೆ ಅದು ಶುರುವಾಗಿದ್ದು."

"ಎದರ್ಕೆ ಆಗ್ನಿಲ್ವಾ?"

"ಆಯ್ತು. ಕರೆದೆ ನಿನ್ನ, ಮೂರ್ಸಲ. ಆಮೇಲೆ ಎದ್ರೆ ಅದಕ್ಕೆ ಬೇಜಾರಾಯ್ತದೇನೋ ಅಂತ ಕೂತ್ಕಂಡೆ. ಒಬ್ಳೇ ಕುಣೀತಿತ್ತಲ್ಲ ಪಾಪ, ನೋಡೋರಿಲ್ದೆ."

ಮೂರು ಸಲ ಅವಳು ಕರೆದಾಗ ನಾನು ಟಿವಿಯ ಮುಂದೆ ಎರಡನೇ ಟೀ ಕುಡಿಯುತ್ತಿದ್ದೆ. ಅದನ್ನು ಅವಳು ಕೇಳಲಿಲ್ಲ. ನಾನಾಗಿಯೇ ಹೇಳಿದೆ. ಈ ಸಲ ಏನನ್ನೂ ಉಳಿಸಿಕೊಳ್ಳಬಾರದು ಅನ್ನಿಸಿತ್ತು.

"ನೀನು ಬಂದು ಕೂತಾಗ ಕೈ ಹೇಳು ಅಂದ್ನಲ್ಲ," ಎಂದಳು. "ನಂಗೆ ಕಾಣಾಕಿಲ್ಲ ಅಂತ ಅಂದಿದ್ರೆ ಆಗಿತ್ತು. ನೀನು ಅದಕ್ಕೂ ಸುಳ್ಳು ಕೈ ಹಚ್ಚುಬುಟ್ಟೆ. ನಿಂತೋಯ್ತು."

ಅವಳ ದನಿಯಲ್ಲಿ ಮೊದಲ ಸಲ ಸಿಟ್ಟು ಇತ್ತು. ತನ್ನನ್ನು ಒಬ್ಬಳೇ ಬಿಟ್ಟು ಹೋಗಿದ್ದಕ್ಕೆ ಬಂದ ಸಿಟ್ಟಲ್ಲ ಅದು. ಆ ಹೆಜ್ಜೆ ನಿಂತದ್ದಕ್ಕೆ.

ಸ್ವಲ್ಪ ಹೊತ್ತಾದ ಮೇಲೆ ಅವಳು ಹಲಗೆಯ ಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು. ನನ್ನ ಕೈ ಹುಡುಕಿ ಹಿಡಿದು ಹಲಗೆಯ ಮೇಲೆ ಊರಿಸಿದಳು. ಬಿಸಿಲಿಗೆ ಹಲಗೆ ಬೆಚ್ಚಗಿತ್ತು. ನನ್ನ ಕೈಗೆ ಏನಾದರೂ ತಾಗಿತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ನನ್ನದೇ ನಾಡಿ ಇರಬಹುದು.

"ಕೈ ಹೇಳು," ಎಂದಳು.

"ನಂಗೆ ಕಾಣಾಕಿಲ್ಲ ಕಣೇ."

"ಊಂ," ಎಂದಳು. ಅಷ್ಟೆ.

ಆಮೇಲೆ ನಾವು ಮತ್ತೆ ಹೋಗತೊಡಗಿದೆವು. ಹಾಸನದಲ್ಲಿ ಈಗ ಹಲಗೆ ಸ್ಟೇಜು ಕಡಿಮೆ. ಪ್ಲೈವುಡ್ಡಿನಲ್ಲಿ ಹೆಜ್ಜೆ ಚೆಲ್ಲಿ ಹೋಗುತ್ತದೆ ಎನ್ನುತ್ತಾಳೆ ಅವಳು. ಅರಕಲಗೂಡಿನ ಆ ಹಳೇ ಸ್ಟೇಜು ಇರುವವರೆಗೆ ಅಲ್ಲಿಗೇ ಹೋದೆವು. ನಾನು ಕಂಡದ್ದನ್ನು ಹೇಳುತ್ತೇನೆ. ಬೇರೆ ಕಡೆ ನೋಡುತ್ತಿದ್ದರೆ, ಬೇರೆ ಕಡೆ ನೋಡುತ್ತಿದ್ದೆ ಎಂದೇ ಹೇಳುತ್ತೇನೆ. ಆಗ ಅವಳು, "ಯಾರ್ನ ನೋಡ್ತಿದ್ದೆ? ಅವ್ಳ ಕೈ ಹೇಳು," ಎಂದು ನಗುತ್ತಾಳೆ.

ಹಿತ್ತಲಿನ ಹಲಗೆಯನ್ನು ದೀಪ ಹಚ್ಚುವ ಮುಂಚೆ ನಾನೇ ಎತ್ತಿ ಗೋಡೆಗೆ ಮಗ್ಗುಲಾಗಿ ನಿಲ್ಲಿಸುತ್ತೇನೆ. ಒಳಗಿನಿಂದ ಅವಳು ದಿನಾ ಕೇಳುತ್ತಾಳೆ, ಎತ್ತಿಟ್ಟೆಯಾ ಎಂದು. ದಿನಾ ಹೌದು ಎನ್ನುತ್ತೇನೆ. ಒಂದು ಸಲ ಮಾತ್ರ, ಕೆಲಸದಿಂದ ಬಂದವನು ಮರೆತು ಊಟಕ್ಕೆ ಕೂತುಬಿಟ್ಟೆ.

"ಎತ್ತಿಟ್ಯಾ ಅಣ್ಣ?"

ಹೌದು ಎಂದು ಹೇಳಿ ಆಮೇಲೆ ಎದ್ದು ಹೋಗಬಹುದಿತ್ತು. ಅವಳಿಗೆ ತಿಳಿಯುತ್ತಿರಲಿಲ್ಲ.

"ಇಲ್ಲ ಕಣೇ, ಮರ್ತೆ," ಎಂದೆ.

ಅವಳು ತುತ್ತು ಎತ್ತಿದ ಕೈಯನ್ನು ಹಾಗೇ ತಟ್ಟೆಯ ಮೇಲೆ ಹಿಡಿದಳು. ನಾನೂ ಅಗಿಯುವುದು ನಿಲ್ಲಿಸಿದೆ. ಇಬ್ಬರೂ ಹಿತ್ತಲ ಬಾಗಿಲ ಕಡೆ ಕಿವಿ ಕೊಟ್ಟು ಕೂತೆವು.

"ಇವತ್ತು ಇರ್ಲಿ ಬುಡು," ಎಂದಳು ಸ್ವಲ್ಪ ಹೊತ್ತಿನ ಮೇಲೆ, ತುಂಬ ಮೆಲ್ಲಗೆ. ಯಾರಿಗೋ ತೊಂದರೆಯಾದೀತು ಎನ್ನುವ ಹಾಗೆ.